ವೆಸ್ಟ್ ಲೋಥಿಯನ್‌ನಿಂದ ಬೆಲ್‌ಗ್ರಾನೊವರೆಗೆ: ಒಬ್ಬ ಬ್ರಿಟಿಷ್ ಸಂಸದರ ಪ್ರಶ್ನೆಗಳು

ಬ್ರಿಟನ್ನಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಸದಸ್ಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಿಲ್ಲ. ಸ್ಪೀಕರ್ ಮಾತ್ರ ಹೆಸರು ಕೂಗಬಹುದು. ಉಳಿದವರ ಬಾಯಲ್ಲಿ ಎದುರಿಗಿರುವವರು ‘ಇಂಥ ಕ್ಷೇತ್ರದ ಮಾನ್ಯ ಸದಸ್ಯರು’. ಹೀಗಾಗಿ ಟ್ಯಾಮ್ ಡಿಯೆಲ್ ಎಂಬ ಲೇಬರ್ ಪಕ್ಷದ ಸಂಸದರು ಹಿಂದೂ ಮಹಾಸಾಗರದ ಆಮೆಗಳ ಬಗ್ಗೆ ಕೇಳಲಿ, ಅರ್ಜೆಂಟೀನಾದ ಯುದ್ಧನೌಕೆಯ ಬಗ್ಗೆ ಕೇಳಲಿ, ಸದನದ ಪಾಲಿಗೆ ಅವರು ಸ್ಕಾಟ್ಲೆಂಡಿನ ವೆಸ್ಟ್ ಲೋಥಿಯನ್‌ನವರು. 1983ರಲ್ಲಿ ಕ್ಷೇತ್ರ ಬದಲಾದ ಮೇಲೆ ಅದೇ ಪ್ರದೇಶದ ಲಿನ್ಲಿತ್‌ಗೋದವರು. ಸಂಸದರು ಲೋಕದ ಯಾವ ಮೂಲೆಯ ಬಗ್ಗೆ ಬಾಯಿ ತೆರೆದರೂ ಊರಿನ ಹೆಸರು ಮಾತ್ರ ಬೆನ್ನು ಬಿಡುವುದಿಲ್ಲ.

ಅವರ ಹೆಸರನ್ನು ಇಂಗ್ಲಿಷಿನಲ್ಲಿ ಓದಿದವರು ‘ಡಾಲ್ಯೆಲ್’ ಎಂದುಬಿಡುತ್ತಾರೆ. ಸ್ಕಾಟರ ಬಾಯಲ್ಲಿ ಅದು ಡಿಯೆಲ್. ಜಮೀನುದಾರರ ಮನೆತನ, ಈಟನ್ ಶಾಲೆಯ ಓದು, ಅಮ್ಮನ ಕಡೆಯಿಂದ ಬಂದ ಬ್ಯಾರೊನೆಟ್ ಎಂಬ ವಂಶಪಾರಂಪರ್ಯದ ಪದವಿ. ಆದರೆ ಗೆದ್ದದ್ದು ಕಲ್ಲಿದ್ದಲು ಗಣಿಗಳ ಕ್ಷೇತ್ರದಲ್ಲಿ, ಕಾರ್ಮಿಕರ ಮತಗಳಿಂದ. 1962ರ ಉಪಚುನಾವಣೆಯಲ್ಲಿ ಸದನಕ್ಕೆ ಬಂದವರು 2005ರವರೆಗೆ ಬಿಡದೆ ಕೂತರು. ಕೊನೆಯ ನಾಲ್ಕು ವರ್ಷ ಸದನದ ಅತಿ ಹಿರಿಯ ಸದಸ್ಯ. 2017ರಲ್ಲಿ ತೀರಿಕೊಂಡರು. ಈ 43 ವರ್ಷಗಳಲ್ಲಿ ಅವರು ಒಮ್ಮೆಯೂ ಮಂತ್ರಿಯಾಗಲಿಲ್ಲ. ಸ್ವಂತ ಪಕ್ಷದ ಸರ್ಕಾರ ಬಂದಾಗಲೂ ಯಾರೂ ಕರೆಯಲಿಲ್ಲ, ಏಕೆಂದರೆ ಸ್ವಂತ ಸರ್ಕಾರವನ್ನೂ ಅವರು ಪ್ರಶ್ನೆಗಳಿಂದ ಕಾಡುತ್ತಿದ್ದರು. ಸಂಸದೀಯ ಪ್ರಶ್ನೆ ಎಂಬ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿಯಲು ಇವರಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಪ್ರಶ್ನೆ ಹುಟ್ಟುವ ಬಗೆ

ಮೊದಲು ವ್ಯವಸ್ಥೆಯನ್ನು ನೋಡೋಣ. ಬ್ರಿಟಿಷ್ ಸಂಸತ್ತಿನಲ್ಲಿ ದಾಖಲಾದ ಮೊದಲ ಪ್ರಶ್ನೆ 1721ರದ್ದು. ಸೌತ್ ಸೀ ಎಂಬ ಕಂಪನಿಯ ಷೇರು ಕುಸಿದು ಸಾವಿರಾರು ಜನರ ಹಣ ಹೋಗಿತ್ತು, ಅದರ ಖಜಾಂಚಿ ದೇಶ ಬಿಟ್ಟು ಓಡಿಹೋಗಿದ್ದ. ಅವನನ್ನು ಹಿಡಿಯಲು ಏನು ಮಾಡಿದ್ದೀರಿ ಎಂದು ಮೇಲ್ಮನೆಯಲ್ಲಿ ಅರ್ಲ್ ಕೌಪರ್ ಸರ್ಕಾರವನ್ನು ಕೇಳಿದರು. ಸಾಲ ಮುಳುಗಿಸಿ ವಿದೇಶಕ್ಕೆ ಹಾರಿದವರ ಬಗ್ಗೆ ನಮ್ಮ ಸಂಸತ್ತಿನಲ್ಲಿ ಕೇಳುವ ಪ್ರಶ್ನೆಗಳ ವಂಶವೃಕ್ಷ ಅಷ್ಟು ಹಳೆಯದು.

ಈಗ ಕಾಮನ್ಸ್‌ನಲ್ಲಿ ಸೋಮವಾರದಿಂದ ಗುರುವಾರದವರೆಗೆ ಕಲಾಪದ ಮೊದಲ ಗಂಟೆ ಪ್ರಶ್ನೆಗಳಿಗೆ ಮೀಸಲು. ಒಂದೊಂದು ದಿನ ಒಂದೊಂದು ಇಲಾಖೆಯ ಸರದಿ, ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ ಐದು ವಾರ ಬೇಕು. ಪ್ರಧಾನಿಗೆ ಮಾತ್ರ ಪ್ರತಿ ಬುಧವಾರ ಮಧ್ಯಾಹ್ನ 12ರಿಂದ ಅರ್ಧ ಗಂಟೆ. ಮೊದಲು ಅದು ಮಂಗಳವಾರ ಮತ್ತು ಗುರುವಾರ ಕಾಲು ಕಾಲು ಗಂಟೆ ಇತ್ತು, 1997ರಲ್ಲಿ ಟೋನಿ ಬ್ಲೇರ್ ಬಂದ ಕೂಡಲೇ ಎರಡನ್ನೂ ಒಂದು ಮಾಡಿದರು. ಟಿವಿಯಲ್ಲಿ ಕಾಣುವ ಗದ್ದಲ, ನಗು, ಕೂಗಾಟ ಎಲ್ಲ ಆ ಅರ್ಧ ಗಂಟೆಯದು. ನಮ್ಮಲ್ಲಿ ಪ್ರಧಾನಿಗೆಂದೇ ಹೀಗೆ ವಾರಕ್ಕೊಂದು ಅರ್ಧ ಗಂಟೆ ಮೀಸಲಿಟ್ಟ ಪದ್ಧತಿ ಇಲ್ಲ. ಇರಬೇಕಿತ್ತು ಎಂದು ನನಗೆ ಆಗಾಗ ಅನ್ನಿಸುವುದುಂಟು.

ಮೌಖಿಕ ಪ್ರಶ್ನೆ ಕೇಳಬೇಕೆಂದವರು ಮೂರು ಕೆಲಸದ ದಿನ ಮೊದಲೇ ಅದನ್ನು ಬರೆದುಕೊಡಬೇಕು. ಕಂಪ್ಯೂಟರ್ ಲಾಟರಿ ಎತ್ತುತ್ತದೆ. ಹೆಸರು ಬಂದವರ ಪ್ರಶ್ನೆಗಳು ಕ್ರಮಸಂಖ್ಯೆಯೊಂದಿಗೆ ಕಾರ್ಯಕಲಾಪ ಪಟ್ಟಿಯಲ್ಲಿ ಅಚ್ಚಾಗುತ್ತವೆ. ಸದನದಲ್ಲಿ ಸ್ಪೀಕರ್ ಹೆಸರು ಕೂಗಿದಾಗ ಸದಸ್ಯರು ಎದ್ದು ಕ್ರಮಸಂಖ್ಯೆಯನ್ನಷ್ಟೇ ಹೇಳಿ ಕೂರುತ್ತಾರೆ, ಪ್ರಶ್ನೆ ಹೇಗೂ ಎಲ್ಲರ ಕೈಯಲ್ಲಿದೆ. ಸಚಿವರು ಅಧಿಕಾರಿಗಳು ಬರೆದುಕೊಟ್ಟ ಉತ್ತರ ಓದುತ್ತಾರೆ. ನಿಜವಾದ ಆಟ ಶುರುವಾಗುವುದು ಆಮೇಲೆ. ಸದಸ್ಯರು ಮತ್ತೆ ಎದ್ದು ಉಪಪ್ರಶ್ನೆ ಕೇಳಬಹುದು, ಅದಕ್ಕೆ ಮುನ್ಸೂಚನೆ ಬೇಕಿಲ್ಲ. ಸಚಿವರ ಮುಂದಿರುವ ದಪ್ಪ ಕಡತದಲ್ಲಿ ಬರಬಹುದಾದ ಉಪಪ್ರಶ್ನೆಗಳಿಗೆಲ್ಲ ಅಧಿಕಾರಿಗಳು ಉತ್ತರ ತುಂಬಿಸಿರುತ್ತಾರೆ. ಅದರಲ್ಲಿ ಇಲ್ಲದ್ದನ್ನು ಕೇಳುವುದೇ ಸಂಸದರ ಚಾತುರ್ಯ.

ಇದೆಲ್ಲ ನಮಗೆ ಪರಿಚಿತವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಬ್ರಿಟಿಷ್ ಆಳ್ವಿಕೆಯ ಭಾರತದ ಶಾಸನ ಪರಿಷತ್ತುಗಳಿಗೆ ಪ್ರಶ್ನೆ ಕೇಳುವ ಹಕ್ಕು ಬಂದದ್ದು 1892ರ ಕಾಯ್ದೆಯಿಂದ, ಉಪಪ್ರಶ್ನೆಯ ಹಕ್ಕು 1909ರಲ್ಲಿ. ವಿಧಾನಸೌಧದಲ್ಲಿ ಇವತ್ತು ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ರಹಿತ ಪ್ರಶ್ನೆ ಎಂದು ವಿಂಗಡಿಸುವುದು ಅದೇ ಪರಂಪರೆಯ ಮುಂದುವರಿಕೆ.

ಚುಕ್ಕೆ ರಹಿತ ಪ್ರಶ್ನೆಗೆ ಸಾಟಿಯಾದದ್ದು ಅಲ್ಲಿನ ಲಿಖಿತ ಪ್ರಶ್ನೆ. ಟಿವಿಯಲ್ಲಿ ಕಾಣಿಸದ, ಆದರೆ ಹೆಚ್ಚು ಕೆಲಸ ಮಾಡುವ ಪ್ರಶ್ನೆ ಇದು. ಇಂಥ ದಿನಾಂಕದೊಳಗೆ ಉತ್ತರ ಬೇಕು ಎಂದು ನಿಗದಿಪಡಿಸಿ ಒಬ್ಬ ಸದಸ್ಯರು ದಿನಕ್ಕೆ ಐದು ಪ್ರಶ್ನೆಗಳನ್ನು ಕೊಡಬಹುದು. ಉತ್ತರ ಸಾರ್ವಜನಿಕ ದಾಖಲೆಯಾಗುತ್ತದೆ.

ಈ ಪ್ರಶ್ನೆಗಳ ಭಾಷೆ ಮೊದಲ ಸಲ ಓದುವವರಿಗೆ ವಿಚಿತ್ರವಾಗಿ ಕಾಣುತ್ತದೆ. ‘ಸಚಿವರು ಈಚೆಗೆ ಯಾವ ಚರ್ಚೆ ನಡೆಸಿದ್ದಾರೆ’, ‘ಸಚಿವರು ಯಾವ ಅಂದಾಜು ಮಾಡಿದ್ದಾರೆ’ ಎಂದೇ ಎಲ್ಲವೂ ಶುರು. ಕಾರಣ ಒಂದು ನಿಯಮ: ಸಚಿವರ ಹೊಣೆಗಾರಿಕೆಗೆ ಬಾರದ ವಿಷಯವನ್ನು ಕೇಳುವಂತಿಲ್ಲ, ಪ್ರಶ್ನೆಯಲ್ಲಿ ವಾದ ಮಂಡಿಸುವಂತಿಲ್ಲ. ‘ನಮ್ಮೂರಿನ ಬಸ್ ಏಕೆ ನಿಂತಿತು’ ಎಂದು ಬರೆದುಕೊಟ್ಟರೆ ಸಂಸತ್ತಿನ ಕಚೇರಿಯವರು ಹಿಂದಿರುಗಿಸುತ್ತಾರೆ, ಬಸ್ ಓಡಿಸುವುದು ಸಚಿವರ ಕೆಲಸವಲ್ಲವಲ್ಲ. ಅದನ್ನೇ ‘ಸ್ಥಳೀಯ ಸಂಸ್ಥೆಗೆ ಬಸ್ ಸೇವೆಗಾಗಿ ಕೊಡುವ ಅನುದಾನ ಸಾಕಾಗುತ್ತದೆಯೇ ಎಂಬ ಬಗ್ಗೆ ಸಚಿವರು ಯಾವ ಅಂದಾಜು ಮಾಡಿದ್ದಾರೆ’ ಎಂದು ತಿರುಗಿಸಿದರೆ ಸ್ವೀಕಾರವಾಗುತ್ತದೆ. ವಿದೇಶಕ್ಕೂ ಇದೇ ಕಟ್ಟುಪಾಡು. ಇರಾನಿನ ನ್ಯಾಯಾಲಯ ಕೊಟ್ಟ ತೀರ್ಪಿಗೆ ಲಂಡನ್ನಿನ ಸಚಿವರು ಹೊಣೆಯಲ್ಲ, ಆದರೆ ಇರಾನಿನ ವಿದೇಶಾಂಗ ಸಚಿವರ ಜೊತೆ ಅವರು ಏನು ಮಾತಾಡಿದರು ಎಂಬುದಕ್ಕೆ ಹೊಣೆ. ಬಸ್ಸಿನ ಪ್ರಶ್ನೆಯೂ ಟೆಹರಾನ್ ಪ್ರಶ್ನೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುದು ಇದರಿಂದ. ಎರಡರಲ್ಲೂ ಹಿಡಿಯಬೇಕಾದದ್ದು ಸಚಿವರ ಕೈಯನ್ನು.

ಆಮೆಗಳ ದ್ವೀಪ

1960ರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ವಾಯುಪಡೆಗೆ ಹಿಂದೂ ಮಹಾಸಾಗರದಲ್ಲಿ ವಿಮಾನ ಇಳಿಸಲು ಒಂದು ತಾಣ ಬೇಕಾಗಿತ್ತು. ಕಣ್ಣು ಬಿದ್ದದ್ದು ಅಲ್ಡಾಬ್ರಾ ಎಂಬ ಹವಳ ದ್ವೀಪದ ಮೇಲೆ. ಮಡಗಾಸ್ಕರ್‌ನ ಉತ್ತರಕ್ಕಿರುವ ಈ ದ್ವೀಪದಲ್ಲಿ ಮನುಷ್ಯರು ಇಲ್ಲವೆನ್ನುವಷ್ಟು ಕಡಿಮೆ, ದೈತ್ಯ ಆಮೆಗಳು ಸಾವಿರ ಸಾವಿರ. ಹಾರಲಾರದ ಹಕ್ಕಿಯ ಒಂದು ಜಾತಿಯೂ ಅಲ್ಲಿದೆ. ರಾಯಲ್ ಸೊಸೈಟಿಯ ವಿಜ್ಞಾನಿಗಳು ಬೇಡವೆಂದು ಕೂಗೆಬ್ಬಿಸಿದರು. ಆದರೆ ವಿಜ್ಞಾನಿಗಳ ಪತ್ರವನ್ನು ಸಚಿವಾಲಯ ಮಡಚಿಡಬಹುದು, ಸಂಸದರ ಪ್ರಶ್ನೆಯನ್ನು ಹಾಗೆ ಮಾಡಲಾಗದು. ಡಿಯೆಲ್ ಕಣಕ್ಕಿಳಿದರು. ನೆಲೆಗೆ ಎಷ್ಟು ಖರ್ಚು, ಹಕ್ಕಿಗಳು ವಿಮಾನದ ಎಂಜಿನ್ನಿಗೆ ಸಿಕ್ಕಿಕೊಂಡರೆ ಏನು ಗತಿ, ಬೇರೆ ಜಾಗ ನೋಡಿದ್ದೀರಾ ಎಂಬಂಥ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಪ್ರತಿಯೊಂದಕ್ಕೂ ಯಾರೋ ಒಬ್ಬ ಅಧಿಕಾರಿ ಕಡತ ತೆರೆದು ಲೆಕ್ಕ ಹಾಕಿ ಉತ್ತರ ಬರೆಯಬೇಕಿತ್ತು. ಆಗ ಅಧಿಕಾರದಲ್ಲಿದ್ದದ್ದು ಅವರದೇ ಲೇಬರ್ ಸರ್ಕಾರ ಎಂಬುದನ್ನು ಮರೆಯಬಾರದು.

1967ರ ನವೆಂಬರ್‌ನಲ್ಲಿ ಪೌಂಡಿನ ಮೌಲ್ಯ ಇಳಿಸಬೇಕಾಗಿ ಬಂದು, ಖರ್ಚು ಕಡಿತದ ಪಟ್ಟಿಯಲ್ಲಿ ಅಲ್ಡಾಬ್ರಾ ಯೋಜನೆಯೂ ಸೇರಿ ಬಿದ್ದುಹೋಯಿತು. ಪ್ರಶ್ನೆಗಳೊಂದೇ ಅದನ್ನು ಬೀಳಿಸಿದವು ಎಂದರೆ ಉತ್ಪ್ರೇಕ್ಷೆಯಾದೀತು, ಖಜಾನೆ ಖಾಲಿಯಾದದ್ದು ದೊಡ್ಡ ಕಾರಣ. ಆದರೆ ಕತ್ತರಿ ಹಿಡಿದವರ ಮುಂದೆ ಆ ಯೋಜನೆ ಆಗಲೇ ಕೆಟ್ಟ ಹೆಸರು ಹೊತ್ತು ನಿಂತಿತ್ತು. ಇವತ್ತು ಅಲ್ಡಾಬ್ರಾ ಸೇಶೆಲ್ಸ್‌ಗೆ ಸೇರಿದ ವಿಶ್ವ ಪರಂಪರೆಯ ತಾಣ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದು ಅಷ್ಟು ಸಂತೋಷದ್ದಲ್ಲ. ಅದೇ ಕಾಲದಲ್ಲಿ ಕನ್ಯಾಕುಮಾರಿಯಿಂದ ಸುಮಾರು 1,800 ಕಿ.ಮೀ. ದಕ್ಷಿಣಕ್ಕಿರುವ ದಿಯೆಗೊ ಗಾರ್ಸಿಯಾ ದ್ವೀಪವನ್ನು ಅಮೆರಿಕದ ಸೇನಾ ನೆಲೆಗೆ ಬಿಟ್ಟುಕೊಡುವ ಒಪ್ಪಂದವನ್ನು 1966ರ ಡಿಸೆಂಬರ್‌ನಲ್ಲಿ ಮಾಡಿಕೊಳ್ಳಲಾಯಿತು. ಅಲ್ಲಿ ತಲೆಮಾರುಗಳಿಂದ ಬದುಕುತ್ತಿದ್ದ ಚಾಗೋಸ್ ದ್ವೀಪಗಳ ಜನರನ್ನು ‘ಗುತ್ತಿಗೆ ಕೂಲಿಗಳು’ ಎಂದು ಕಾಗದದಲ್ಲಿ ತೋರಿಸಿ, 1968ರಿಂದ 1973ರ ನಡುವೆ ಮಾರಿಷಸ್ ಮತ್ತು ಸೇಶೆಲ್ಸ್‌ಗೆ ಸಾಗಿಸಲಾಯಿತು. ಆಮೆಗಳ ಪರವಾಗಿ ಎದ್ದಷ್ಟು ಸದ್ದು ಈ ಮನುಷ್ಯರ ಪರವಾಗಿ ಆಗ ಏಳಲಿಲ್ಲ. ಪ್ರಶ್ನೆ ಕೇಳಬೇಕೆಂದರೆ ಮೊದಲು ವಿಷಯ ಗೊತ್ತಿರಬೇಕು, ಇಲ್ಲಿ ವಿಷಯವನ್ನೇ ಮುಚ್ಚಿಟ್ಟಿದ್ದರು. ಚಾಗೋಸ್ ಮೇಲಿನ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಒಪ್ಪಿಸಿ, ದಿಯೆಗೊ ಗಾರ್ಸಿಯಾವನ್ನು 99 ವರ್ಷ ಗುತ್ತಿಗೆಗೆ ಇಟ್ಟುಕೊಳ್ಳುವ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿದ್ದು 2025ರ ಮೇ 22ರಂದು.

ಊರಿನ ಪ್ರಶ್ನೆಯೊಂದು ದೇಶದ ಪ್ರಶ್ನೆಯಾದದ್ದು

ಡಿಯೆಲ್ ಹೆಸರು ರಾಜ್ಯಶಾಸ್ತ್ರದ ಪುಸ್ತಕಗಳಿಗೆ ಸೇರಿದ್ದು ಮಾತ್ರ ಆಮೆಗಳಿಂದಲ್ಲ. 1977ರಲ್ಲಿ ಲೇಬರ್ ಸರ್ಕಾರ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಕೊಡುವ ಮಸೂದೆ ತಂದಿತು. ನವೆಂಬರ್ 14ರ ಚರ್ಚೆಯಲ್ಲಿ ಡಿಯೆಲ್ ಎದ್ದು ಸ್ವಂತ ಪಕ್ಷಕ್ಕೇ ಸವಾಲು ಹಾಕಿದರು. ಅವರ ಕ್ಷೇತ್ರದಲ್ಲಿ ಬ್ಲ್ಯಾಕ್‌ಬರ್ನ್ ಎಂಬ ಊರಿತ್ತು, ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲೂ ಅದೇ ಹೆಸರಿನ ಊರಿದೆ. ಸ್ಕಾಟ್ಲೆಂಡಿನ ಶಾಲೆ, ಆಸ್ಪತ್ರೆಗಳ ವಿಷಯ ಎಡಿನ್‌ಬರೋದ ಆ ಶಾಸನಸಭೆಗೆ ಹೋದ ಮೇಲೆ ತನ್ನ ಸ್ವಂತ ಬ್ಲ್ಯಾಕ್‌ಬರ್ನ್‌ನ ಶಾಲೆಯ ಬಗ್ಗೆ ತಾನು ಮತ ಹಾಕುವಂತಿಲ್ಲ, ಆದರೆ ನೂರಾರು ಮೈಲಿ ದೂರದ ಇಂಗ್ಲಿಷ್ ಬ್ಲ್ಯಾಕ್‌ಬರ್ನ್‌ನ ಶಾಲೆಯ ಬಗ್ಗೆ ಮತ ಹಾಕಬಹುದು. ಇಂಗ್ಲೆಂಡಿನ ಸಂಸದರು ಇದನ್ನು ಎಷ್ಟು ಕಾಲ ಸಹಿಸುತ್ತಾರೆ?

ಉತ್ತರ ಕೊಡಲು ಎದ್ದವರಲ್ಲಿ ಇನೊಕ್ ಪೊವೆಲ್ ಒಬ್ಬರು. ವಲಸಿಗರ ವಿರುದ್ಧ ಮಾತಾಡಿ ಕುಖ್ಯಾತರಾಗಿದ್ದ ಅವರು ಆಗ ಉತ್ತರ ಐರ್ಲೆಂಡಿನ ಸಂಸದರು. ಇದನ್ನು ವೆಸ್ಟ್ ಲೋಥಿಯನ್ ಪ್ರಶ್ನೆ ಎಂದು ಕರೆಯೋಣ ಎಂದರು. ಹೆಸರು ಅಂಟಿಕೊಂಡಿತು. ಸದಸ್ಯರನ್ನು ಕ್ಷೇತ್ರದಿಂದ ಗುರುತಿಸುವ ಪದ್ಧತಿ ಇರದಿದ್ದರೆ ಇದು ‘ಡಿಯೆಲ್ ಪ್ರಶ್ನೆ’ ಆಗಿರುತ್ತಿತ್ತು.

1979ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಬಹುಮತ ಹೌದು ಎಂದರೂ, ಒಟ್ಟು ಮತದಾರರಲ್ಲಿ ಶೇ 40ರಷ್ಟಾದರೂ ಒಪ್ಪಬೇಕೆಂಬ ಷರತ್ತು ಈಡೇರದೆ ಯೋಜನೆ ನಿಂತಿತು. 1997ರ ಎರಡನೆಯ ಜನಮತಗಣನೆಯ ಬಳಿಕ 1999ರಲ್ಲಿ ಸ್ಕಾಟಿಷ್ ಸಂಸತ್ತು ಬಂದೇ ಬಂತು, ಜೊತೆಗೆ ಡಿಯೆಲ್ ಹೇಳಿದ ತೊಡಕೂ ಬಂತು. 2004ರ ಜನವರಿಯಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಶುಲ್ಕವನ್ನು 3,000 ಪೌಂಡಿನವರೆಗೆ ಏರಿಸುವ ಮಸೂದೆ ಕಾಮನ್ಸ್‌ನಲ್ಲಿ 316–311ರಿಂದ, ಐದೇ ಮತಗಳಿಂದ ಪಾರಾಯಿತು. ಆ ಶುಲ್ಕ ಅನ್ವಯಿಸದ ಸ್ಕಾಟ್ಲೆಂಡಿನ ಲೇಬರ್ ಸಂಸದರು ಪರವಾಗಿ ಮತ ಹಾಕದಿದ್ದರೆ ಅದು ಸೋಲುತ್ತಿತ್ತು. ಇಂಗ್ಲೆಂಡಿನ ವಿದ್ಯಾರ್ಥಿಗಳು ಗೊಣಗಿದ್ದರಲ್ಲಿ ತಪ್ಪೇನಿದೆ? ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ ಮಸೂದೆಗಳಿಗೆ ಇಂಗ್ಲಿಷ್ ಸಂಸದರ ಒಪ್ಪಿಗೆಯೂ ಬೇಕು ಎಂಬ ನಿಯಮವನ್ನು 2015ರ ಅಕ್ಟೋಬರ್‌ನಲ್ಲಿ ತಂದರು. ಅದು ವಿಪರೀತ ಗೋಜಲಾಗಿ 2021ರ ಜುಲೈನಲ್ಲಿ ರದ್ದಾಯಿತು. ಅರ್ಧ ಶತಮಾನ ಹತ್ತಿರವಾದರೂ ಪ್ರಶ್ನೆ ಇನ್ನೂ ಬಾಕಿ.

ಇದರ ಬಾಲದಂಥ ಇನ್ನೊಂದು ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. 1999ರ ಅಕ್ಟೋಬರ್ 25ರಂದು ಕಾಮನ್ಸ್ ಒಂದು ನಿರ್ಣಯ ಮಾಡಿತು: ಸ್ಕಾಟ್ಲೆಂಡಿನ ಎಡಿನ್‌ಬರೋ, ವೇಲ್ಸ್‌ನ ಕಾರ್ಡಿಫ್‌ಗೆ ವರ್ಗಾಯಿಸಿದ ವಿಷಯಗಳ ಬಗ್ಗೆ ಇಲ್ಲಿ ಪ್ರಶ್ನೆ ಸ್ವೀಕರಿಸುವುದಿಲ್ಲ. ಸ್ಕಾಟ್ಲೆಂಡಿನ ಸಂಸದರೊಬ್ಬರು ಲಂಡನ್ನಿನಲ್ಲಿ ನಿಂತು ಗಾಜಾ, ಉಕ್ರೇನ್, ಕಾಶ್ಮೀರಗಳ ಬಗ್ಗೆ ಕೇಳಬಹುದು, ಅವರ ಮನೆಯ ಹತ್ತಿರದ ಆಸ್ಪತ್ರೆಯಲ್ಲಿ ಹಾಸಿಗೆ ಏಕಿಲ್ಲ ಎಂದು ಮಾತ್ರ ಕೇಳುವಂತಿಲ್ಲ.

ಹಡಗು ಯಾವ ಕಡೆಗೆ ಹೊರಟಿತ್ತು?

1982ರ ಏಪ್ರಿಲ್‌ನಲ್ಲಿ ಅರ್ಜೆಂಟೀನಾದ ಸೇನಾ ಸರ್ಕಾರ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲೆಂಡ್ ದ್ವೀಪಗಳನ್ನು ಆಕ್ರಮಿಸಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ನೌಕಾಪಡೆ ಕಳಿಸಿತು, ದ್ವೀಪಗಳ ಸುತ್ತ 200 ನಾಟಿಕಲ್ ಮೈಲಿಯ ವಲಯವನ್ನು ಗುರುತಿಸಿ ಅದರೊಳಗೆ ಬಂದ ಅರ್ಜೆಂಟೀನಾದ ಹಡಗುಗಳ ಮೇಲೆ ದಾಳಿ ಮಾಡುವುದಾಗಿ ಘೋಷಿಸಿತು. ಮೇ 2ರಂದು ಬ್ರಿಟನ್ನಿನ ಅಣುಶಕ್ತಿ ಜಲಾಂತರ್ಗಾಮಿ ಕಾಂಕರರ್, ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೊ ಎಂಬ ಯುದ್ಧನೌಕೆಯನ್ನು ಟಾರ್ಪಿಡೊ ಹಾಕಿ ಮುಳುಗಿಸಿತು. ಅಮೆರಿಕದಿಂದ ಕೊಂಡ ಹಳೆಯ ಹಡಗದು. 1941ರ ಪರ್ಲ್ ಹಾರ್ಬರ್ ದಾಳಿಯಲ್ಲಿ ಬದುಕುಳಿದದ್ದು ಇಲ್ಲಿ ಮುಳುಗಿತು. ಸತ್ತವರು 323 ಮಂದಿ.

ಮೇ 4ರಂದು ರಕ್ಷಣಾ ಸಚಿವ ಜಾನ್ ನಾಟ್ ಸದನಕ್ಕೆ ಹೇಳಿಕೆ ಕೊಟ್ಟರು. ಮೇ 2ರಂದು ಹಡಗು ಪತ್ತೆಯಾಯಿತು, ಅದು ನಮ್ಮ ನೌಕಾಪಡೆಯತ್ತ ಸಮೀಪಿಸುತ್ತಿತ್ತು ಎಂಬುದು ಅದರ ಸಾರ. ಹಡಗು ವಲಯದ ಹೊರಗಿತ್ತು ಎಂಬುದನ್ನು ಸರ್ಕಾರ ಮುಚ್ಚಿಡಲಿಲ್ಲ. ಮುಚ್ಚಿಟ್ಟದ್ದು ಬೇರೆಯದನ್ನು.

ಯುದ್ಧ ಗೆದ್ದ ಸಂಭ್ರಮದಲ್ಲಿ ಇದನ್ನು ಕೆದಕುವುದು ರಾಜಕೀಯವಾಗಿ ಬುದ್ಧಿವಂತಿಕೆಯ ಕೆಲಸವಾಗಿರಲಿಲ್ಲ. ಡಿಯೆಲ್‌ಗೆ ಅದರ ಪರಿವೆ ಇರಲಿಲ್ಲ. ಅವರು ಒಟ್ಟಾರೆ ‘ಯುದ್ಧ ಏಕೆ ಮಾಡಿದಿರಿ’ ಎಂದು ಕೇಳಿದ್ದರೆ ಸಚಿವರು ದೇಶಭಕ್ತಿಯ ಭಾಷಣ ಮಾಡಿ ಕೂರುತ್ತಿದ್ದರು. ಅವರು ಕೇಳಿದ್ದು ಚಿಲ್ಲರೆ ಎನಿಸುವ ವಿವರಗಳನ್ನು. ಹಡಗು ಮೊದಲು ಕಣ್ಣಿಗೆ ಬಿದ್ದದ್ದು ಯಾವ ದಿನ, ಎಷ್ಟು ಗಂಟೆಗೆ? ಟಾರ್ಪಿಡೊ ಬಿಡುವಾಗ ಅದು ಯಾವ ದಿಕ್ಕಿಗೆ ಹೋಗುತ್ತಿತ್ತು? ದಿಕ್ಕು ಬದಲಿಸಿದ್ದು ಯಾವಾಗ, ಅದು ಲಂಡನ್ನಿಗೆ ತಿಳಿದದ್ದು ಯಾವಾಗ? ಪೆರು ದೇಶದ ಅಧ್ಯಕ್ಷರು ಮುಂದಿಟ್ಟಿದ್ದ ಶಾಂತಿ ಪ್ರಸ್ತಾಪ ಪ್ರಧಾನಿಯ ಕಿವಿಗೆ ಬಿದ್ದದ್ದು ಎಷ್ಟು ಹೊತ್ತಿಗೆ? ಇಂಥ ಪ್ರಶ್ನೆಗೆ ಉತ್ತರ ಒಂದು ಅಂಕಿ ಅಥವಾ ಒಂದು ದಿಕ್ಕು. ಅಂಕಿಯನ್ನು ಭಾಷಣದಲ್ಲಿ ಕರಗಿಸಲು ಬರುವುದಿಲ್ಲ. ಕೊಟ್ಟ ಅಂಕಿ ತಪ್ಪಾಗಿದ್ದರೆ ಅದು ಕಡತದಲ್ಲಿ ಹಾಗೇ ಕೂತಿರುತ್ತದೆ, ಇವತ್ತಲ್ಲ ನಾಳೆ ಇನ್ನೊಂದು ಅಂಕಿ ಅದರ ಪಕ್ಕಕ್ಕೆ ಬಂದು ನಿಲ್ಲುವವರೆಗೆ. ಪ್ರಶ್ನೆಯ ಬಲವೆಲ್ಲ ಅದು ಆ ದಿನ ತರುವ ಉತ್ತರದಲ್ಲಿದೆ ಎಂದು ನಾವು ಭಾವಿಸುತ್ತೇವೆ. ಡಿಯೆಲ್‌ಗೆ ತಿಳಿದಿತ್ತು, ಸುಳ್ಳು ಉತ್ತರವೂ ಲಾಭವೇ ಎಂದು.

ಇದೇ ಪ್ರಶ್ನೆಯನ್ನು 1983ರ ಮೇ 24ರಂದು ಬಿಬಿಸಿಯ ನೇರ ಪ್ರಸಾರದಲ್ಲಿ ಥ್ಯಾಚರ್‌ಗೆ ಹಾಕಿದವರು ಸಂಸದರಲ್ಲ, ಸೈರನ್‌ಸೆಸ್ಟರ್ ಊರಿನ ಡಯಾನಾ ಗೂಲ್ಡ್ ಎಂಬ ಶಿಕ್ಷಕಿ. ಭೂಗೋಳ ಓದಿಸಿದವರಿಗೆ ದಿಕ್ಕಿನ ವಿಷಯದಲ್ಲಿ ದಾರಿ ತಪ್ಪಿಸುವುದು ಸುಲಭವಲ್ಲ. ಹಡಗು 280 ಡಿಗ್ರಿಯತ್ತ, ಅಂದರೆ ಪಶ್ಚಿಮಕ್ಕೆ, ತನ್ನ ದೇಶದ ಕಡೆಗೆ ಹೊರಟಿತ್ತಲ್ಲ ಎಂದು ಪಟ್ಟು ಬಿಡದೆ ಕೇಳಿದರು. ಪ್ರಧಾನಿ ಇಲ್ಲವೆಂದೇ ಸಾಧಿಸಿದರು. ದೇಶವೆಲ್ಲ ನೋಡಿತು.

1984ರಲ್ಲಿ ಸರ್ಕಾರ ಒಂದೊಂದೇ ಮೆಟ್ಟಿಲು ಇಳಿಯಿತು. ಹಡಗು ಕಂಡದ್ದು ಮೇ 2ರಂದಲ್ಲ, ಅದರ ಹಿಂದಿನ ದಿನ ಎಂದು ಒಪ್ಪಿತು. ಅದೇ ಹೊತ್ತಿಗೆ ರಕ್ಷಣಾ ಸಚಿವಾಲಯದ ಒಳಗೆ ಕ್ಲೈವ್ ಪಾಂಟಿಂಗ್ ಎಂಬ ಹಿರಿಯ ಅಧಿಕಾರಿಗೆ ಡಿಯೆಲ್ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವ ಕೆಲಸ ಬಂದಿತ್ತು. ಅವರು ಸತ್ಯವನ್ನೇ ಬರೆದುಕೊಟ್ಟರು. ಸಚಿವರು ಬೇರೆ ದಾರಿ ಹಿಡಿದರು. ಜುಲೈನಲ್ಲಿ ಪಾಂಟಿಂಗ್ ಎರಡು ದಾಖಲೆಗಳನ್ನು ಡಿಯೆಲ್‌ಗೆ ಅಂಚೆಯಲ್ಲಿ ಕಳಿಸಿದರು. ಡಿಯೆಲ್ ಅವನ್ನು ವಿದೇಶಾಂಗ ವ್ಯವಹಾರಗಳ ಸಂಸದೀಯ ಸಮಿತಿಯ ಅಧ್ಯಕ್ಷರಿಗೆ ಒಪ್ಪಿಸಿದರು. ಆಡಳಿತ ಪಕ್ಷದವರಾದ ಆ ಅಧ್ಯಕ್ಷರು ದಾಖಲೆಗಳನ್ನು ನೆಟ್ಟಗೆ ಸಚಿವಾಲಯಕ್ಕೇ ಹಿಂದಿರುಗಿಸಿದರು! ಪಾಂಟಿಂಗ್ ಸಿಕ್ಕಿಬಿದ್ದರು.

ಡಿಯೆಲ್‌ಗೆ ಇಂಥ ವಿಷಯದಲ್ಲಿ ಕೈ ಸುಟ್ಟುಕೊಂಡ ಅನುಭವವಿತ್ತು. ಪೋರ್ಟನ್ ಡೌನ್ ಎಂಬ ಸರ್ಕಾರಿ ಪ್ರಯೋಗಾಲಯದ ಜೈವಿಕ ಅಸ್ತ್ರಗಳ ಸಂಶೋಧನೆಯ ಬಗ್ಗೆ ಸಮಿತಿಯಲ್ಲಿ ಕೇಳಿದ ಸಾಕ್ಷ್ಯವನ್ನು ಪತ್ರಿಕೆಗೆ ಕೊಟ್ಟು, 1968ರಲ್ಲಿ ಹಕ್ಕುಚ್ಯುತಿಗಾಗಿ ಸದನದ ಎದುರು ಛೀಮಾರಿ ಹಾಕಿಸಿಕೊಂಡಿದ್ದರು. ಈ ಬಾರಿ ಪತ್ರಿಕೆಯ ಬದಲು ಸಮಿತಿಗೆ ಕೊಟ್ಟದ್ದಕ್ಕೆ ಅದೂ ಕಾರಣವಿರಬಹುದು.

ಪಾಂಟಿಂಗ್ ಮೇಲೆ 1911ರ ಅಧಿಕೃತ ರಹಸ್ಯ ಕಾಯ್ದೆಯಡಿ ಮೊಕದ್ದಮೆ ಹೂಡಲಾಯಿತು. ದಾಖಲೆ ಕಳಿಸಿದ್ದನ್ನು ಅವರು ಅಲ್ಲಗಳೆಯಲಿಲ್ಲ. ಅವರ ವಾದ ಇಷ್ಟೇ: ಸಂಸತ್ತಿಗೆ ಸತ್ಯ ತಿಳಿಸುವುದು ದೇಶದ ಹಿತಕ್ಕಾಗಿ ಮಾಡಿದ ಕರ್ತವ್ಯ. ದೇಶದ ಹಿತವೆಂದರೆ ಅಂದಿನ ಸರ್ಕಾರ ಹೇಳಿದ್ದೇ ಹಿತ ಎಂದು ನ್ಯಾಯಾಧೀಶರು ಜ್ಯೂರಿಗೆ ತಿಳಿಹೇಳಿದರು. ಅಂದರೆ ಶಿಕ್ಷೆ ಖಚಿತ. 1985ರ ಫೆಬ್ರುವರಿ 11ರಂದು ಜ್ಯೂರಿ ಹೊರಬಂದು ನಿರ್ದೋಷಿ ಎಂದಿತು. ಸರ್ಕಾರ ಆ ಪಾಠವನ್ನು ತನ್ನ ರೀತಿಯಲ್ಲಿ ಕಲಿಯಿತು. 1989ರ ಹೊಸ ಕಾಯ್ದೆಯಲ್ಲಿ ಅಂಥ ವಾದಕ್ಕೆ ಜಾಗವೇ ಇರದಂತೆ ನೋಡಿಕೊಂಡಿತು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಬೆಲ್‌ಗ್ರಾನೊ ಮುಳುಗಿಸಿದ್ದು ಯುದ್ಧಾಪರಾಧ ಎಂಬ ಡಿಯೆಲ್ ಬಳಗದ ನಿಲುವು ಕೊನೆಗೆ ನಿಲ್ಲಲಿಲ್ಲ. ಆ ಹಡಗಿನ ನಾಯಕ ಹೆಕ್ಟರ್ ಬೋನ್ಸೊ ಅವರೇ ಮುಂದೆ ಸಂದರ್ಶನಗಳಲ್ಲಿ ದಿಕ್ಕು ಬದಲಿಸಿದ್ದು ತಾತ್ಕಾಲಿಕವೆಂದರು, ದಾಳಿಯನ್ನು ಯುದ್ಧದ ಭಾಗವೆಂದೇ ಒಪ್ಪಿಕೊಂಡರು. ಹಾಗಿದ್ದರೆ ಸರ್ಕಾರ ಮೊದಲ ದಿನವೇ ನಿಜ ಹೇಳಿ ಸಮರ್ಥಿಸಿಕೊಳ್ಳಬಹುದಿತ್ತು. ಎರಡು ವರ್ಷ ತಪ್ಪು ವಿವರಗಳನ್ನು ಕೊಟ್ಟು, ಕೊನೆಗೆ ಸ್ವಂತ ಅಧಿಕಾರಿಯನ್ನೇ ಕಟಕಟೆಗೆ ಹತ್ತಿಸಿದ್ದು ಯಾವ ಪುರುಷಾರ್ಥಕ್ಕೆ? ನನ್ನ ಮಟ್ಟಿಗೆ ಡಿಯೆಲ್ ಯುದ್ಧನೀತಿಯಲ್ಲಿ ಎಡವಿದರು, ಸಂಸತ್ತಿನ ವಿಷಯದಲ್ಲಿ ಎಡವಲಿಲ್ಲ.

ಇದೇ ವರ್ಷಗಳಲ್ಲಿ ಅವರ ಕ್ಷೇತ್ರದ ಬಾತ್‌ಗೇಟ್ ಪಟ್ಟಣದಲ್ಲಿ ಲಾರಿ ಕಾರ್ಖಾನೆಯೊಂದು ಬಾಗಿಲು ಹಾಕುತ್ತಿತ್ತು. 1961ರಲ್ಲಿ ಶುರುವಾಗಿ ಸುತ್ತಲಿನ ಊರುಗಳಿಗೆಲ್ಲ ಅನ್ನ ಕೊಟ್ಟ ಕಾರ್ಖಾನೆ 1986ರಲ್ಲಿ ಮುಚ್ಚಿತು. ಅದನ್ನು ಉಳಿಸಲು ಯಾವ ಪ್ರಶ್ನೆಗೂ ಆಗಲಿಲ್ಲ. ಸರ್ಕಾರ ಮರೆಮಾಚಿದ್ದನ್ನು ಪ್ರಶ್ನೆ ಹೊರಗೆಳೆಯಬಲ್ಲದು, ನಿರ್ಧರಿಸಿ ಆದದ್ದನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ.

ಉತ್ತರ ಕೊಡದೆ ಉತ್ತರಿಸುವ ಕಲೆ

ಸಚಿವರೂ ಮುನ್ನೂರು ವರ್ಷಗಳಿಂದ ಕಲಿತಿದ್ದಾರೆ. ‘ಈ ಹಿಂದೆ ಕೊಟ್ಟ ಉತ್ತರವನ್ನು ನೋಡಿಕೊಳ್ಳುವುದು’ ಎಂದರೆ ಅಲ್ಲಿಯೂ ಉತ್ತರವಿಲ್ಲ. ‘ಈ ಮಾಹಿತಿಯನ್ನು ಒಂದೆಡೆ ಕ್ರೋಡೀಕರಿಸಿಲ್ಲ.’ ‘ಗುಪ್ತಚರ ವಿಷಯಗಳ ಬಗ್ಗೆ ಪ್ರತಿಕ್ರಿಯಿಸುವ ಪದ್ಧತಿ ಇಲ್ಲ.’ ಎಲ್ಲಕ್ಕಿಂತ ಸೊಗಸಾದದ್ದು ವೆಚ್ಚದ ನೆಪ: ಲಿಖಿತ ಉತ್ತರ ಹುಡುಕಲು 850 ಪೌಂಡಿಗಿಂತ ಹೆಚ್ಚು ಖರ್ಚಾಗುವಂತಿದ್ದರೆ ಇಲಾಖೆ ನಿರಾಕರಿಸಬಹುದು. ನಮ್ಮ ಸದನಗಳ ಉತ್ತರಗಳನ್ನು ಓದುವವರಿಗೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’, ‘ಪ್ರಸ್ತಾವನೆ ಪರಿಶೀಲನೆಯಲ್ಲಿದೆ’, ‘ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬವು ಕಂಠಪಾಠವಾಗಿರುತ್ತವೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಎರಡೂ ದೇಶದವರು ಸರಿಸಮಾನರು. ಪಳಗಿದ ಸಂಸದರು ದೊಡ್ಡ ಪ್ರಶ್ನೆಯನ್ನು ತುಂಡು ಮಾಡುತ್ತಾರೆ, ಒಂದೇ ಪ್ರಶ್ನೆಯನ್ನು ಎಲ್ಲ ಇಲಾಖೆಗಳಿಗೂ ಕಳಿಸಿ ಉತ್ತರಗಳನ್ನು ಹೋಲಿಸುತ್ತಾರೆ. ಹನ್ನೆರಡು ಇಲಾಖೆ ಉತ್ತರ ಕೊಟ್ಟು ಹದಿಮೂರನೆಯದು ಖರ್ಚಿನ ನೆಪ ಹೇಳಿದರೆ ಆ ನೆಪವೇ ಸುದ್ದಿ.

ಊರಿನ ಪ್ರಶ್ನೆ, ಹೊರದೇಶದ ಪ್ರಶ್ನೆ ಎಂಬ ಗೆರೆ ಅಳಿಸಿಹೋದ ಈಚಿನ ಪ್ರಕರಣ ನಾಜನೀನ್ ಜಘಾರಿ-ರಾಟ್‌ಕ್ಲಿಫ್ ಅವರದು. ಉತ್ತರ ಲಂಡನ್ನಿನ ನಿವಾಸಿ. ತವರಾದ ಇರಾನಿಗೆ ಹೋಗಿ ಮರಳುವಾಗ 2016ರ ಏಪ್ರಿಲ್ 3ರಂದು ಟೆಹರಾನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು, ಜೊತೆಯಲ್ಲಿ ಎರಡು ವರ್ಷವೂ ತುಂಬದ ಮಗಳು. ಅವರ ಮನೆ ಇದ್ದ ಕ್ಷೇತ್ರದ ಸಂಸದೆ ಟ್ಯೂಲಿಪ್ ಸಿದ್ದೀಕ್ ಪಾಲಿಗೆ ಇದು ಪಡಿತರ ಚೀಟಿ, ಪಿಂಚಣಿಗಳಂತೆಯೇ ಮತದಾರರೊಬ್ಬರ ಅಹವಾಲು. ಅದನ್ನು ಹಿಡಿದು ಅವರು ವಿದೇಶಾಂಗ ಸಚಿವರ ಸಾಲನ್ನೇ ಪ್ರಶ್ನಿಸಿದರು, ಒಬ್ಬರು ಹೋಗಿ ಒಬ್ಬರು ಬರುತ್ತಿದ್ದರು. 2017ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವರಾಗಿದ್ದ ಬೋರಿಸ್ ಜಾನ್ಸನ್ ಸಮಿತಿಯ ಮುಂದೆ, ಆಕೆ ಅಲ್ಲಿ ಜನರಿಗೆ ಪತ್ರಿಕೋದ್ಯಮ ಕಲಿಸುತ್ತಿದ್ದರಷ್ಟೆ ಎಂದುಬಿಟ್ಟರು. ಆಕೆ ಹೋದದ್ದು ಅಪ್ಪ ಅಮ್ಮನನ್ನು ನೋಡಲು. ಇರಾನ್ ಆ ಮಾತನ್ನೇ ಆಕೆಯ ವಿರುದ್ಧ ಬಳಸಿಕೊಂಡಿತು. ಉತ್ತರದ ಒಂದು ಅಜಾಗರೂಕ ವಾಕ್ಯಕ್ಕೆ ಯಾರೋ ಜೈಲಿನಲ್ಲಿ ಬೆಲೆ ತೆರಬೇಕಾಗುತ್ತದೆ.

ಪ್ರಶ್ನೆಗಳು ಮೇಲೆತ್ತಿದ ಇನ್ನೊಂದು ಸಂಗತಿ ಹಳೆಯ ಬಾಕಿ. 1970ರ ದಶಕದಲ್ಲಿ ಇರಾನಿನ ದೊರೆ ಶಾ ಬ್ರಿಟನ್ನಿನಿಂದ ಚೀಫ್‌ಟನ್ ಟ್ಯಾಂಕುಗಳಿಗೆ ಮುಂಗಡ ಕೊಟ್ಟಿದ್ದರು. ಕ್ರಾಂತಿಯಾಯಿತು, ಹೆಚ್ಚಿನ ಟ್ಯಾಂಕುಗಳು ಹೋಗಲಿಲ್ಲ, ಹಣವೂ ಹಿಂದಿರುಗಲಿಲ್ಲ. ಬಾಕಿಗೂ ಬಂಧನಕ್ಕೂ ಸಂಬಂಧವಿಲ್ಲ ಎಂದು ಸಚಿವರು ವರ್ಷಗಟ್ಟಲೆ ಹೇಳಿದರು. 2022ರ ಮಾರ್ಚ್‌ನಲ್ಲಿ 39.38 ಕೋಟಿ ಪೌಂಡ್ ಪಾವತಿಯಾಯಿತು, ಅದೇ ಹೊತ್ತಿಗೆ, ಮಾರ್ಚ್ 16ರಂದು, ನಾಜನೀನ್ ವಿಮಾನ ಹತ್ತಿದರು. ಸಂಬಂಧ ಇತ್ತೋ ಇಲ್ಲವೋ ಓದುಗರೇ ಲೆಕ್ಕ ಹಾಕಲಿ.

ಪ್ರಶ್ನೆಗೆ ಬೆಲೆ ಇದೆ ಎಂದ ಮೇಲೆ ಅದನ್ನು ಮಾರುವವರೂ ಹುಟ್ಟುತ್ತಾರೆ. 1994ರಲ್ಲಿ ಬ್ರಿಟನ್ನಿನ ಕೆಲವು ಸಂಸದರು ಹಣಕ್ಕಾಗಿ ಪ್ರಶ್ನೆ ಕೇಳುತ್ತಾರೆ ಎಂಬುದನ್ನು ಪತ್ರಿಕೆಗಳು ಬಯಲು ಮಾಡಿದವು, ಸಾರ್ವಜನಿಕ ಬದುಕಿನ ನಡತೆಗೆ ನೋಲನ್ ಸಮಿತಿ ನಿಯಮ ರೂಪಿಸಿದ್ದು ಆ ಹಗರಣದಿಂದ. ನಮ್ಮಲ್ಲಿ 2005ರ ಡಿಸೆಂಬರ್‌ನಲ್ಲಿ ಗುಪ್ತ ಕ್ಯಾಮೆರಾಕ್ಕೆ ಸಿಕ್ಕಿಬಿದ್ದ 11 ಸಂಸದರನ್ನು ಉಚ್ಚಾಟಿಸಿದ್ದು ಇದೇ ಕಾರಣಕ್ಕೆ.

ಕೊನೆಯದಾಗಿ ಸುಳ್ಳಿನ ಕುರಿತ ನಿಯಮ. ಕಾಮನ್ಸ್‌ನಲ್ಲಿ ಇನ್ನೊಬ್ಬ ಸದಸ್ಯರನ್ನು ಸುಳ್ಳುಗಾರ ಎನ್ನುವುದು ಅಸಂಸದೀಯ. ಹೇಳಿದವರು ಮಾತು ಹಿಂದಕ್ಕೆ ಪಡೆಯಬೇಕು, ಇಲ್ಲವೇ ಹೊರಗೆ ನಡೆಯಬೇಕು. ಥ್ಯಾಚರ್ ಬಗ್ಗೆ ಆ ಮಾತಾಡಿ, ಹಿಂದಕ್ಕೆ ಪಡೆಯದೆ ಡಿಯೆಲ್ ಹೊರಗೆ ಹಾಕಿಸಿಕೊಂಡರು. 2021ರ ಜುಲೈ 22ರಂದು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಮತ್ತೆ ಮತ್ತೆ ಸುಳ್ಳು ಹೇಳಿದ್ದಾರೆ ಎಂದ ಡಾನ್ ಬಟ್ಲರ್ ಎಂಬ ಸಂಸದೆಯನ್ನೂ ಆ ದಿನದ ಮಟ್ಟಿಗೆ ಕಳಿಸಿದರು. ಸುಳ್ಳು ಹೇಳಿದರೆನ್ನಲಾದವರು ಒಳಗೆ, ಹೇಳಿದ್ದಾರೆ ಎಂದವರು ಹೊರಗೆ. ನಿಯಮ ಎಡವಟ್ಟಾಗಿ ಕಂಡರೂ ಅದರ ಹಿಂದೆ ಒಂದು ತರ್ಕವಿದೆ: ಬೈಗುಳದಿಂದ ಏನೂ ಸಾಬೀತಾಗದು, ದಾಖಲೆಯಿಂದ ಆಗುತ್ತದೆ.

ಅದೇ ವರ್ಷದ ಡಿಸೆಂಬರ್ 8ರಂದು ಪ್ರಧಾನಿಯ ಬುಧವಾರದ ಪ್ರಶ್ನೋತ್ತರದಲ್ಲಿ ಕ್ಯಾಥರಿನ್ ವೆಸ್ಟ್ ಎಂಬ ಸಂಸದೆ ಎದ್ದರು. ಪೀಠಿಕೆ ಇಲ್ಲ, ಟೀಕೆ ಇಲ್ಲ. ನವೆಂಬರ್ 13ರಂದು ಪ್ರಧಾನಿಯ ಅಧಿಕೃತ ನಿವಾಸದಲ್ಲಿ ಪಾರ್ಟಿ ನಡೆಯಿತೇ, ಸದನಕ್ಕೆ ತಿಳಿಸುತ್ತೀರಾ ಎಂದಷ್ಟೇ ಕೇಳಿದರು. ಅವರು ಕೇಳಿದ ದಿನ ಅದರ ಹಿಂದಿನ ವರ್ಷದ್ದು, ಕೋವಿಡ್ ನಿರ್ಬಂಧದ ಕಾಲ. ಇಲ್ಲ, ಏನೇ ನಡೆದಿದ್ದರೂ ನಿಯಮಗಳನ್ನೆಲ್ಲ ಪಾಲಿಸಲಾಗಿತ್ತು ಎಂದು ಜಾನ್ಸನ್ ಉತ್ತರಿಸಿದರು. ಉತ್ತರ ಕಡತಕ್ಕೆ ಹೋಯಿತು. ಆಮೇಲೆ ಫೋಟೊಗಳು ಬಂದವು, ಪೊಲೀಸರ ದಂಡದ ಚೀಟಿಗಳು ಬಂದವು. 2023ರ ಜೂನ್ 15ರಂದು ಸದನದ ಹಕ್ಕು ಬಾಧ್ಯತಾ ಸಮಿತಿ, ಜಾನ್ಸನ್ ಉದ್ದೇಶಪೂರ್ವಕವಾಗಿ ಸದನದ ದಾರಿ ತಪ್ಪಿಸಿದರು ಎಂದು ವರದಿ ಕೊಟ್ಟಿತು. ವರದಿಯ ಮುನ್ಸೂಚನೆ ಸಿಕ್ಕ ಕೂಡಲೇ ಅವರು ಸಂಸದ ಸ್ಥಾನಕ್ಕೇ ರಾಜೀನಾಮೆ ಕೊಟ್ಟಿದ್ದರು. ಜೂನ್ 19ರಂದು ಸದನ ವರದಿಯನ್ನು 354–7 ಮತಗಳಿಂದ ಒಪ್ಪಿತು. ಮಾಜಿ ಸದಸ್ಯರಿಗೆ ಸಿಗುವ ಪ್ರವೇಶ ಪಾಸನ್ನೂ ಅವರಿಗೆ ಕೊಡಬಾರದು ಎಂಬುದು ಅದರ ಶಿಫಾರಸುಗಳಲ್ಲಿ ಒಂದಾಗಿತ್ತು.